ಒಂದು ಫೇಸ್ ಹೋದರೆ ಮೋಟರ್ ಯಾಕೆ ಸುಡುತ್ತೆ?

ಹುಲ್ಲಹಳ್ಳಿ ಕಡೆ ಕಪಿಲೆ ನಾಲೆ ನಂಬಿದ ಗದ್ದೆಯವರಿಗೆ ಈ ತಲೆನೋವು ಕಮ್ಮಿ. ನಮ್ಮಂಥ ಬೋರ್‌ವೆಲ್‌ನವರಿಗೆ ಮೋಟರ್ ಸುಟ್ಟರೆ ರೀವೈಂಡಿಂಗ್ ಖರ್ಚಿನ ಜೊತೆ ಬೆಳೆಯೂ ಒಣಗುತ್ತೆ.

ಮೋಟರ್ ಒಳಗೆ ಸುತ್ತಲೂ ತಾಮ್ರದ ಸುರುಳಿ ಇರೋದು ಸ್ಟೇಟರ್, ನಡುವೆ ತಿರುಗೋದು ರೋಟರ್. ರೋಟರಿಗೆ ಹೊರಗಿಂದ ಯಾವ ವೈರೂ ಇಲ್ಲ! ಮೂರು ಫೇಸಿನ ಕರೆಂಟ್ ಒಂದಾದ ಮೇಲೊಂದು ಏರಿ ಇಳಿಯೋದರಿಂದ ಸ್ಟೇಟರಿನಲ್ಲಿ ಅಯಸ್ಕಾಂತದ ಸೆಳೆತ ಸುತ್ತುತ್ತೆ. ಅದೇ ರೋಟರಿನಲ್ಲೂ ಕರೆಂಟ್ ಹುಟ್ಟಿಸಿ ತನ್ನ ಹಿಂದೆ ಎಳ್ಕೊಂಡು ಹೋಗುತ್ತೆ. 50 ಹರ್ಟ್ಸ್ ಕರೆಂಟಿನಲ್ಲಿ, ಎರಡು ಪೋಲ್ ಮೋಟರಿನ ಸೆಳೆತ ನಿಮಿಷಕ್ಕೆ 3000 ಸುತ್ತು. ರೋಟರ್ ಸ್ವಲ್ಪ ಹಿಂದೆ, 2850ರ ಆಸುಪಾಸು. ನಿಮ್ಮ ಮೋಟರಿನ ನೇಮ್‌ಪ್ಲೇಟ್ ನೋಡಿ.

ಒಂದು ಫೇಸ್ ಇಲ್ಲದಿದ್ದರೆ ಸೆಳೆತ ಸುತ್ತಲ್ಲ. ನಿಂತ ಮೋಟರ್ ಗುಂಯ್ ಅನ್ನುತ್ತೆ, ತಿರುಗಲ್ಲ, ಕರೆಂಟ್ ಮಾತ್ರ ಹಲವು ಪಟ್ಟು ಎಳೆಯುತ್ತೆ. ಬೋರ್ ಆಳದಲ್ಲಿರೋ ಮೋಟರಿನ ಸದ್ದು ಮೇಲೆ ಯಾರಿಗೆ ಕೇಳುತ್ತೆ? ಓಡ್ತಿರುವಾಗ ಫೇಸ್ ಹೋದರೆ ಇನ್ನೂ ಮೋಸ. ಮೋಟರ್ ನಿಲ್ಲದೆ ಓಡಬಹುದು, ಹೊರೆಯೆಲ್ಲ ಉಳಿದ ಎರಡು ಫೇಸಿನ ಮೇಲೆ ಬಿದ್ದು ಸುರುಳಿ ಸೀದು ಹೋಗುತ್ತೆ. ನೀರು ಬರ್ತಿದೆಯಲ್ಲ ಅಂತ ನಾವು ಸುಮ್ನಿರ್ತೀವಿ.

ಸ್ಟಾರ್ಟ್ ಮಾಡೋ ಮುಂಚೆ ಮೂರೂ ಫೇಸ್ ಇದೆಯಾ ನೋಡಿ. ಆಟೋ ಹಾಕಿ ಮಲಗೋರು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ, ಅದನ್ನ ಯಾರೂ ಬೈಪಾಸ್ ಮಾಡಿಲ್ಲ ಅಂತ ಖಚಿತ ಮಾಡ್ಕೊಳ್ಳಿ. ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಓವರ್‌ಲೋಡ್ ರಿಲೇ ಏರಿಸಬೇಡಿ, ಕಾರಣ ಹುಡುಕಿಸಿ.