ಗರ್ಭಿಣಿಯ ಮನೋವ್ಯಥೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸಭೆಯವರಾದ ನಾವು ಅಮೃತಮಹಲ್ ದನಗಳನ್ನು ಬಲ್ಲವರು. ಗಬ್ಬವಾದ ಹಸುವನ್ನು ಹೊಡೆಯೆವು. ಆದರೆ ಗರ್ಭಿಣಿಯಾದ ಹೆಂಡತಿಯನ್ನೂ ಸೊಸೆಯನ್ನೂ ಬೈಗುಳದಿಂದ ನೋಯಿಸುತ್ತೇವಲ್ಲಾ! ಬಹುಕಾಲದ ವ್ಯಥೆಯಿಂದ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ರಸವು ಹೆಚ್ಚಬಹುದು. ಮಾಸು ಅದರ ಬಹುಭಾಗವನ್ನು ತಡೆದರೂ ಸ್ವಲ್ಪವು ಶಿಶುವನ್ನು ಮುಟ್ಟುವದು.

ಇದಕ್ಕೆ ದೂರದೇಶದ ದೃಷ್ಟಾಂತವೊಂದುಂಟು. 1998ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಬೀಳುತ್ತಲೇ ಹೆಪ್ಪುಗಟ್ಟುವ ಮಳೆ ಸುರಿದು ಅನೇಕ ಮನೆಗಳು ವಾರಗಟ್ಟಲೆ ವಿದ್ಯುತ್ತಿಲ್ಲದೆ ಇದ್ದವು. ಆಗ ಗರ್ಭಿಣಿಯರಾಗಿದ್ದವರಲ್ಲಿ ಹೆಚ್ಚು ಕಷ್ಟಪಟ್ಟವರ ಮಕ್ಕಳು ಎರಡು ವರುಷದ ಪ್ರಾಯದಲ್ಲಿ ಸರಾಸರಿಯಾಗಿ ಕಡಮೆ ಮಾತುಗಳನ್ನಾಡಿದರೆಂದು ಶೋಧಕರು ಕಂಡರು. ಎಲ್ಲಾ ಕೂಸುಗಳಿಗೂ ಹೀಗಾಗದು. ತಾಯಿಯನ್ನು ದೂರುವದಂತೂ ಅನ್ಯಾಯವೇ.

ಮರಿಯಳು ಆರು ತಿಂಗಳ ಗರ್ಭಿಣಿಯಾದ ಎಲಿಸಬೇತಳ ಬಳಿ ಸುಮಾರು ಮೂರು ತಿಂಗಳು ಇದ್ದಳೆಂದು ಲೂಕನು ಬರೆದಿದ್ದಾನೆ. ಅಂತೆಯೇ ಸಭೆಯ ಹಿರಿಯ ಹೆಂಗಸರು ಹೋಗಿ, ನೀರು ತಂದುಕೊಟ್ಟು, ಆಕೆಯ ದುಃಖವನ್ನು ಕೇಳಲಿ; ಅಳುವೂ ನಿದ್ರಾಹೀನತೆಯೂ ನಿಲ್ಲದಿದ್ದರೆ ಗಂಡನೇ ಆಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.