ಪುಶ್ ಮಾಡೋ ಮುಂಚೆ ಒಂಚೂರು ನೋಡ್ಕೊಳ್ಳಿ

ನಿಮ್ಮಲ್ಲಿ ಯಾರೂ ಬೇಕೂಂತ ಬಿಲ್ಡ್ ಕೆಡಿಸೋದಿಲ್ಲ, ಗೊತ್ತು. ಅವಸರ, ಮರೆವು, ಅಷ್ಟೇ. ಅದಕ್ಕೇ ಹೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

• ಬೆಳಿಗ್ಗೆ ಕೂತ ತಕ್ಷಣ ಪುಲ್ ಮಾಡಿ, ಪುಶ್‌ಗೆ ಮುಂಚೆ ಇನ್ನೊಮ್ಮೆ ಮಾಡಿ. ಅಷ್ಟರಲ್ಲಿ ಪಕ್ಕದವರು ಫಂಕ್ಷನ್ ಹೆಸರನ್ನೇ ಬದಲಾಯಿಸಿರ್ತಾರೆ. ಕಾನ್‌ಫ್ಲಿಕ್ಟ್ ಇಲ್ಲ ಅಂತ ಗಿಟ್ ಸುಮ್ಮನಿರುತ್ತೆ, ಬಿಲ್ಡ್ ಸುಮ್ಮನಿರಲ್ಲ.

• ಕಮಿಟ್‌ಗೆ ಮುಂಚೆ ‘ಗಿಟ್ ಸ್ಟೇಟಸ್’ ಓದಿ. ಓದಿ ಅಂದೆ, ಕಣ್ಣಾಡಿಸಿ ಅಂತಲ್ಲ. ಕೊನೆಯಲ್ಲಿ ‘ಅನ್‌ಟ್ರ್ಯಾಕ್ಡ್’ ಅಂತ ಕೆಂಪಗೆ ಕೂತಿರುತ್ತಲ್ಲ, ಆ ಹೊಸ ಫೈಲನ್ನು ಆಡ್ ಮಾಡೋದೇ ಮರೆತಿರ್ತೀರಿ. ಫೈಲ್ ನಿಮ್ಮ ಲ್ಯಾಪ್‌ಟಾಪಲ್ಲಿ ಇರೋದ್ರಿಂದ ನಿಮಗೆ ಎಲ್ಲ ಸರಿಯಾಗಿ ಓಡುತ್ತೆ, ಉಳಿದವರಿಗೆ ಕೈಕೊಡುತ್ತೆ. ಅನುಮಾನ ಬಂದ್ರೆ ಬೇರೆ ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ, ಅಲ್ಲಿ ಬಿಲ್ಡ್ ಆಗುತ್ತಾ ನೋಡಿ.

• ‘ಗಿಟ್ ಆಡ್ ಡಾಟ್’ ಚಾಳಿ ಬಿಡಿ. ಪಾಸ್‌ವರ್ಡ್ ಇರೋ ಫೈಲೂ ಅದರ ಜತೆ ಹೋಗಿಬಿಡುತ್ತೆ. ‘ಆಡ್ ಮೈನಸ್ ಪಿ’ ಹಾಕಿದ್ರೆ ಒಂದೊಂದೇ ತುಂಡು ತೋರಿಸಿ ಕೇಳುತ್ತೆ, ಸೊಪ್ಪು ಸೋಸಿದ ಹಾಗೆ ಸೋಸಿ. ಡಿಬಗ್‌ಗೆ ಹಾಕಿದ ಪ್ರಿಂಟ್ ಸಾಲುಗಳು ಅಲ್ಲೇ ಸಿಕ್ಕಿಬೀಳ್ತವೆ.

• ಹಾಗೆ ಸೋಸಿದ ಮೇಲೆ ಟೆಸ್ಟ್ ಓಡಿಸುವಾಗ ಹುಷಾರು. ಕಮಿಟ್‌ಗೆ ಸೇರದ ಸಾಲುಗಳೂ ಟೆಸ್ಟಿಗೆ ಸಿಗ್ತವೆ, ಸುಳ್ಳು ಧೈರ್ಯ ಕೊಡ್ತವೆ. ಕಮಿಟ್ ಮಾಡಿ, ಉಳಿದದ್ದನ್ನು ಸ್ಟ್ಯಾಶ್‌ಗೆ ಸರಿಸಿ, ಆಮೇಲೆ ಓಡಿಸಿ.

• ಫೈಲ್ ಹೆಸರಲ್ಲಿ ಕ್ಯಾಪಿಟಲ್ ಅಕ್ಷರ ನೋಡ್ಕೊಳ್ಳಿ. ಕೋಡಲ್ಲಿ ಸ್ಮಾಲ್, ಫೈಲಲ್ಲಿ ಕ್ಯಾಪಿಟಲ್ ಇದ್ರೂ ವಿಂಡೋಸೂ ಮ್ಯಾಕೂ ಸಾಮಾನ್ಯವಾಗಿ ಹೊಂದಿಕೊಂಡು ಹೋಗ್ತವೆ, ಲಿನಕ್ಸ್ ಸರ್ವರ್ ಒಪ್ಪಲ್ಲ.

• ಪ್ರೀ-ಕಮಿಟ್ ಹುಕ್ ಹಾಕ್ಕೊಳ್ಳಿ, ಅದರಲ್ಲಿ ಲಿಂಟ್ ಥರ ಬೇಗ ಮುಗಿಯೋದನ್ನಷ್ಟೇ ಇಡಿ. ನಿಧಾನವಾದ್ರೆ ನೀವೇ ‘ನೋ ವೆರಿಫೈ’ ಹಾಕಿ ದಾಟ್ತೀರಿ, ನಂಗೊತ್ತಿಲ್ವಾ! ಹುಕ್ ಕ್ಲೋನ್ ಜತೆ ತಾನಾಗಿ ಬರಲ್ಲ, ಹೊಸಬರಿಗೆ ಸೇರಿದ ದಿನವೇ ಹಾಕಿಕೊಡಿ.

• ಮೇನ್ ಬ್ರಾಂಚಿಗೆ ಬೀಗ ಹಾಕಿಸಿ. ಟೆಸ್ಟ್ ಹಸಿರಾಗದೆ, ಇನ್ನೊಬ್ಬರು ನೋಡದೆ ಏನೂ ಮರ್ಜ್ ಆಗಬಾರದು. ಮ್ಯಾನೇಜರಿಗೂ ವಿನಾಯಿತಿ ಬೇಡ, ಅವಸರದ ಕೆಲಸ ತರೋರೇ ಅವರು.

• ಪುಶ್ ಮಾಡಿದ ಕೂಡಲೇ ಬ್ಯಾಗ್ ಎತ್ಕೊಂಡು ಹೊರಡಬೇಡಿ, ಶುಕ್ರವಾರ ಸಂಜೆಯಂತೂ ಬೇಡವೇ ಬೇಡ. ಸಿಐ ಮುಗಿಯೋವರೆಗೆ ಒಂದು ಕಾಫಿ ಕುಡೀರಿ.

• ಆದರೂ ಕೆಟ್ಟುಹೋಯ್ತಾ? ಮೊದಲು ರಿವರ್ಟ್ ಮಾಡಿ, ಗ್ರೂಪಲ್ಲಿ ಒಂದು ಸಾಲು ತಿಳಿಸಿ, ಕಾರಣ ಆಮೇಲೆ ಹುಡುಕಿ. ಫೋರ್ಸ್ ಪುಶ್ ಮಾಡಿ ಮುಚ್ಚಿಹಾಕಬೇಡಿ, ಅಷ್ಟರಲ್ಲಿ ಬೇರೆಯವರು ಹಾಕಿದ ಕಮಿಟ್ಟೂ ಅದರ ಜತೆ ಹೋದೀತು.