ನಂಬರು ನೋಡಿ ನಂಬಬೇಡಿ, ನೀವೇ ಫೋನ್ ಮಾಡಿ ಕೇಳಿ

ನಮ್ಮದು ಭದ್ರಾವತಿ ತಾಲ್ಲೂಕಿನಲ್ಲಿ ನಾಲೆ ನೀರು ಹತ್ತದ ನಾಲ್ಕೂವರೆ ಎಕರೆ ಖುಷ್ಕಿ ಜಮೀನು. ಮಳೆ ಬಂದರೆ ಮೆಕ್ಕೆಜೋಳ, ಬದುವಿಗೆ ತೊಗರಿ. ನಾನು ಓದಿದ್ದು ಏಳನೇ ಕ್ಲಾಸು. ಫೋನಿನ ವಿಚಾರ ಬರೆಯೋಕೆ ಇವನ್ಯಾರು ಅಂತ ನಿಮಗೆ ಅನ್ನಿಸಬಹುದು. ಈ ಪಾಠಕ್ಕೆ ನಾನು 18,500 ರೂಪಾಯಿ ಫೀಸು ಕಟ್ಟಿದ್ದೇನೆ, ಅದಕ್ಕೇ ಬರೀತಿದ್ದೇನೆ.

ನಡೆದದ್ದು ಇಷ್ಟು

2023ರ ಬರ ಯಾರೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ನಮ್ಮ ಜೋಳ ತೆನೆ ಕಟ್ಟಲಿಲ್ಲ. ಮೇವಿಲ್ಲದೆ ಒಂದು ಜೋಡಿ ಎತ್ತು ಮಾರಿ, 52,000 ರೂಪಾಯಿ ಬ್ಯಾಂಕಿಗೆ ಹಾಕಿದ್ದೆ.

2024ರ ಜನವರಿ. ಬರ ಪರಿಹಾರದ ಮೊದಲ ಕಂತು 2,000 ರೂಪಾಯಿ ತನಕ ಬರುತ್ತೆ ಅಂತ ಎಲ್ಲರೂ ಕಾಯ್ತಿದ್ದ ಹೊತ್ತು. ಒಂದು ಮಧ್ಯಾಹ್ನ ಫೋನು ಬಂತು. ಪರದೆ ಮೇಲೆ 'ಬ್ಯಾಂಕ್' ಅಂತಲೇ ತೋರಿಸ್ತು. ನಾನೇ ಬರೆದಿಟ್ಟುಕೊಂಡಿದ್ದ ನಮ್ಮ ಶಾಖೆಯ ನಂಬರು. ಅನುಮಾನ ಯಾಕೆ ಬರಬೇಕು?

"ನಿಮ್ಮ ಪರಿಹಾರದ ಹಣ ತಡೆಯಾಗಿದೆ, ಇವತ್ತೇ ಸರಿ ಮಾಡಬೇಕು" ಅಂದ. ಒಳ್ಳೆ ಕನ್ನಡ. ಎಟಿಎಂ ಕಾರ್ಡಿನ ಹಿಂದೆ ಮುಂದೆ ಇದ್ದ ಅಂಕಿಯೆಲ್ಲ ಕೇಳಿದ, ಹೇಳಿದೆ. ಮೆಸೇಜಿನಲ್ಲಿ ಬಂದ ಓಟಿಪಿ ಕೇಳಿದ, ಅದನ್ನೂ ಹೇಳಿದೆ. ಒಳಗಿಂದ ನಮ್ಮ ಮನೆಯವಳು ಬಂದು, "ಏನ್ರೀ, ದುಡ್ಡು ಕೊಡೋರಿಗೆ ನಮ್ಮ ಕಾರ್ಡಿನ ನಂಬರು ಯಾಕೆ?" ಅಂದಳು. ಆಗ ಎದೆ ಧಸಕ್ಕೆಂದಿತು. ಫೋನ್ ಇಟ್ಟು ಅದೇ ಬ್ಯಾಂಕಿನ ನಂಬರಿಗೆ ನಾನೇ ಮಾಡಿದೆ. ಎತ್ತಿದ್ದು ನಿಜವಾದ ಶಾಖೆಯ ಗುಮಾಸ್ತರು! "ಯಜಮಾನ್ರೇ, ಇಲ್ಲಿಂದ ನಿಮಗೆ ಯಾರೂ ಫೋನ್ ಮಾಡಿಲ್ಲ" ಅಂದರು. ಕಾರ್ಡು ಬಂದ್ ಮಾಡಿಸುವಷ್ಟರಲ್ಲಿ 18,500 ಹೋಗಿತ್ತು. ಉಳಿದದ್ದು ಉಳೀತು.

ನನ್ನ ಇನ್ನೊಂದು ತಪ್ಪು ಏನಂದ್ರೆ, ನಾಚಿಕೆಯಿಂದ ಆ ರಾತ್ರಿ ಯಾರಿಗೂ ಹೇಳಲಿಲ್ಲ. 1930ಕ್ಕೆ ಫೋನ್ ಮಾಡಿದ್ದು ಮಾರನೇ ದಿನ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು.

ಬ್ಯಾಂಕಿನ ನಂಬರು ಕಳ್ಳನಿಗೆ ಹೇಗೆ ಸಿಕ್ತು?

ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಂಗಿ ಮಗನನ್ನು ಕೇಳಿದೆ. ಅವನು ಹೇಳಿದ್ದು ನನ್ನ ತಲೆಗೆ ಹೋಯ್ತು. "ಮಾವ, ಇನ್‌ಲ್ಯಾಂಡ್ ಕಾಗದದ ಹಿಂದೆ 'ಇಂದ' ಅಂತ ವಿಳಾಸ ಬರೀತಿದ್ರಲ್ಲ, ಅದು ನಿಜವೋ ಸುಳ್ಳೋ ಅಂತ ಪೋಸ್ಟ್‌ಮ್ಯಾನ್ ನೋಡ್ತಿದ್ನಾ?"

ಇಲ್ಲವಲ್ಲ. ಫೋನಿನಲ್ಲೂ ಹಾಗೇ. ಕರೆ ಬರುವಾಗ ಮಾತಿನ ಜೊತೆ 'ಇಂದ' ನಂಬರೂ ಬರುತ್ತೆ. ಇಂಟರ್‌ನೆಟ್ ಮೂಲಕ ಕಂಪ್ಯೂಟರಿನಿಂದ ಕರೆ ಮಾಡುವವನು ಅಲ್ಲಿ ಬೇರೆಯವರ ನಂಬರು ತುಂಬಿಸಿಬಿಡಬಹುದು. ಇದಕ್ಕೆ ಸ್ಪೂಫಿಂಗ್ ಅಂತಾರೆ. ನಮ್ಮ ಫೋನು ಆ ನಂಬರಿಗೆ ನಾವೇ ಬರೆದಿಟ್ಟ ಹೆಸರು ತೋರಿಸುತ್ತೆ ಅಷ್ಟೆ. ಕರೆ ಮಾಡಿದವನು ಯಾರು ಅಂತ ಅದಕ್ಕೆ ಗೊತ್ತಿಲ್ಲ.

ಆದರೆ ಸುಳ್ಳು ವಿಳಾಸದ ಕಾಗದಕ್ಕೆ ಉತ್ತರ ಬರೆದರೆ ಅದು ಹೋಗೋದು ನಿಜವಾದ ಮನೆಗೆ. ಹಾಗೇ ಬ್ಯಾಂಕಿನ ನಂಬರಿಗೆ ನಾವೇ ಮಾಡಿದರೆ ಎತ್ತೋದು ಬ್ಯಾಂಕು. ನಮ್ಮ ಕೈಲಿರುವ ದೊಡ್ಡ ಪರೀಕ್ಷೆ ಇದೇ. ಚೀಲದ ಮೇಲಿನ ಹೆಸರು ನೋಡಿ ನಾವು ಬಿತ್ತನೆ ಮಾಡ್ತೀವಾ? ನೂರು ಕಾಳು ಒದ್ದೆ ಗೋಣಿಯಲ್ಲಿಟ್ಟು ಮೊಳಕೆ ಎಣಿಸ್ತೀವಿ. ಫೋನಿಗೂ ಅಷ್ಟು ಪರೀಕ್ಷೆ ಬೇಡವೇ?

ಸರ್ಕಾರದ ತಡೆ ಎಷ್ಟು?

ವಿದೇಶದಿಂದ ಭಾರತದ ನಂಬರು ತೋರಿಸಿಕೊಂಡು ಬರುವ ಕಳ್ಳ ಕರೆ ತಡೆಯೋಕೆ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಒಂದು ವ್ಯವಸ್ಥೆ ಶುರು ಮಾಡಿತು. ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ತಡೆದರು. ನಂಬರು ತಿದ್ದಿ ಮೋಸ ಮಾಡಿದವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಬ್ಯಾಂಕುಗಳು ಗ್ರಾಹಕರಿಗೆ ಮಾಡುವ ಸೇವೆಯ ಕರೆಗೆ 1600ರಿಂದ ಶುರುವಾಗುವ ನಂಬರು ಬಳಸಬೇಕು ಅಂತ ಟ್ರಾಯ್ ಗಡುವು ಹಾಕಿತು. ವಾಣಿಜ್ಯ ಬ್ಯಾಂಕಿಗೆ 2026ರ ಜನವರಿ 1, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕಿಗೆ ಮಾರ್ಚ್ 1. ಅಮೆರಿಕದಲ್ಲಿ 2021ರ ಜೂನ್ 30ರ ಹೊತ್ತಿಗೆ ಕರೆಯ ನಂಬರಿಗೆ ಕಂಪನಿಯೇ ಒಂಥರಾ ಸಹಿ ಹಾಕುವ ಪದ್ಧತಿ ತಂದರು. ಹಳೇ ಜಾಲದ ಮೇಲೆ ಹಾಯ್ದು ಬಂದ ಕರೆಯಲ್ಲಿ ಆ ಸಹಿಯೂ ಉಳಿಯೋದಿಲ್ಲ. ಬೇಲಿ ಇದ್ದರೂ ಹೊಲ ಕಾಯೋದು ತಪ್ಪಲ್ಲ.

ನಾನೀಗ ಮಾಡೋದು

1. ಹಣ, ಕಾರ್ಡು, ಆಧಾರ್ ಮಾತು ಬಂದ ಕೂಡಲೇ "ನಾನೇ ಫೋನ್ ಮಾಡ್ತೀನಿ" ಅಂತ ಇಟ್ಟುಬಿಡ್ತೀನಿ. ನಿಜವಾದವರು ಬೇಜಾರು ಮಾಡಿಕೊಳ್ಳೋದಿಲ್ಲ. ಕಳ್ಳ ಮಾತ್ರ ಅವಸರ ಮಾಡ್ತಾನೆ.

2. ಬಂದ ಕರೆಯ ಪಟ್ಟಿಯಿಂದ ಒತ್ತೋದಿಲ್ಲ. ನಂಬರು ಕಳ್ಳನದೇ ಆಗಿದ್ದರೆ ಅವನಿಗೇ ಹೋಗುತ್ತೆ. ಕಾರ್ಡಿನ ಹಿಂದೆ ಇರುವ ಅಥವಾ ಶಾಖೆಯಲ್ಲಿ ಕೇಳಿ ಪಾಸ್‌ಬುಕ್ಕಿಗೆ ಬರೆಸಿಕೊಂಡ ನಂಬರು ನೋಡಿ ಒಂದೊಂದೇ ಅಂಕಿ ಒತ್ತುತ್ತೀನಿ. ಗೂಗಲ್‌ನಲ್ಲಿ ಹುಡುಕಿದ ನಂಬರೂ ಬೇಡ, ಅಲ್ಲೂ ಸುಳ್ಳು ನಂಬರು ಸೇರಿಸಿರ್ತಾರೆ.

3. 1600 ಕಂಡರೂ ಸರಿ, ಪರಿಚಯದ ಹೆಸರು ಕಂಡರೂ ಸರಿ, ಓಟಿಪಿ ಹೇಳೋದಿಲ್ಲ.

4. ಪರಿಹಾರದ ವಿಚಾರ ಗ್ರಾಮ ಆಡಳಿತಾಧಿಕಾರಿ ಹತ್ತಿರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಎದುರಿಗೆ ಕೂತು ಕೇಳ್ತೀನಿ. ಪಿಎಂ ಕಿಸಾನ್ ವಿಚಾರಕ್ಕೆ 155261 ಇದೆ.

5. ಹಣ ಹೋದರೆ ಮೊದಲು ಬ್ಯಾಂಕು, ಕೂಡಲೇ 1930. ಒಂದು ಗಂಟೆಯೂ ತಡ ಬೇಡ. ಆಮೇಲೆ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆ ಅಥವಾ ಹತ್ತಿರದ ಠಾಣೆ.

ಈಗ ನಮ್ಮ ಮನೆ ಗೋಡೆ ಮೇಲೆ, ಕ್ಯಾಲೆಂಡರ್ ಪಕ್ಕ, ಬ್ಯಾಂಕಿನ ನಂಬರು ಮತ್ತು 1930 ಎರಡನ್ನೂ ಇದ್ದಿಲಲ್ಲಿ ದಪ್ಪಗೆ ಬರೆದಿದ್ದೇನೆ. ಕನ್ನಡಕ ಇಲ್ಲದೆಯೂ ಕಾಣುತ್ತೆ. ನೀವೂ ಇವತ್ತೇ ಬರೆದಿಡಿ. ಮೋಸ ಹೋದವರಿದ್ದರೆ ನಾಚಿಕೊಳ್ಳದೆ ಊರಿನವರಿಗೆ ಹೇಳಿ. ನಾನು ಆ ರಾತ್ರಿಯೇ ಹೇಳಿದ್ದಿದ್ದರೆ ಹೋದ ದುಡ್ಡಿನಲ್ಲಿ ಒಂದಿಷ್ಟಾದರೂ ತಡೆಯಬಹುದಿತ್ತೇನೋ.